ಕಾರ್ಯದರ್ಶಿಯ ತಲೆಗೆ ಬಣ್ಣ ಹಚ್ಚಿದವಳು

ಕ್ವಾಂಗ್ ದೆಶಂಗನ ತಲೆ ಅವನ ಹೆಂಡತಿಗಿಂತ ಶಿಯೂಜುಗೇ ಹೆಚ್ಚು ಪರಿಚಯ. ಎಡಗಿವಿಯ ಹಿಂದೆ ಹುಣಸೆಬೀಜದಂಥ ಮಚ್ಚೆ. ನೆತ್ತಿಯಲ್ಲಿ ಎರಡು ಸುಳಿ. ಹುಡುಗನಾಗಿದ್ದಾಗ ಎಮ್ಮೆಯ ಬೆನ್ನಿನಿಂದ ಬಿದ್ದು ಕಲ್ಲಿಗೆ ಬಡಿದುಕೊಂಡ ಕಡೆ ಬೆರಳಗಲದ ಗಾಯದ ಕಲೆ; ಅಲ್ಲಿಗೆ ಬಣ್ಣ ತಾಗಿದರೆ ಉರಿ ಅಂತ ಹಲ್ಲು ಕಚ್ಚುತ್ತಿದ್ದ. ಲೋಶಿ ಜಿಲ್ಲೆಯ ಜನ ಟೀವಿಯಲ್ಲಿ, ರಸ್ತೆಬದಿಯ ದೊಡ್ಡ ಫಲಕಗಳಲ್ಲಿ, ಸಭೆಯ ವೇದಿಕೆಯ ಮೇಲೆ ಕಾಣುತ್ತಿದ್ದ ಆ ಕಾಗೆಗಪ್ಪು ಕೂದಲು ಅವನದೇನೂ ಆಗಿರಲಿಲ್ಲ. ಅದು ಶಿಯೂಜು ತನ್ನ ಬಟ್ಟಲಲ್ಲಿ ಕಲಸಿದ್ದು.

ತು ಶಿಯೂಜು ಬೆಟ್ಟದ ಮೇಲಿನ ಶಾಂಗ್ಕೆಂಗ್ ಹಳ್ಳಿಯ ಬಡಗಿ ಲಾವ್ಗೆನ್‌ನ ಒಬ್ಬಳೇ ಮಗಳು. ತಾಯಿ ಬೇಗ ತೀರಿಕೊಂಡಿದ್ದಳು. ಹದಿಹರೆಯದಲ್ಲೇ ಪೇಟೆಗೆ ಇಳಿದು ಸರ್ಕಾರಿ ಕ್ಷೌರದಂಗಡಿಯಲ್ಲಿ ಕೆಲಸ ಕಲಿತಳು. ಕಲಿಸಿದ ಮುದುಕ ನಿವೃತ್ತನಾದ ಮೇಲೆ ಅದೇ ಅಂಗಡಿಯನ್ನು ಬಾಡಿಗೆಗೆ ಹಿಡಿದಳು. ಕ್ವಾಂಗ್ ಆಗ ಪೇಟೆಯ ಆಡಳಿತ ಕಚೇರಿಯಲ್ಲಿ ಗುಮಾಸ್ತ. ಮೂವತ್ತು ದಾಟಿರಲಿಲ್ಲ, ತಲೆ ಮಾತ್ರ ಬೂದಿ ಎರಚಿದಂತೆ ನರೆತಿತ್ತು.

"ಶಿಯೂಜು, ನಮ್ಮ ಅಧ್ಯಕ್ಷ್ರು ಇವತ್ತು ಏನಂದ್ರು ಗೊತ್ತಾ? 'ಏನಯ್ಯಾ ಕ್ವಾಂಗ್, ನನಗಿಂತ ಮೊದ್ಲೇ ರಿಟೈರ್ ಆಗೋ ಯೋಚನೇನಾ' ಅಂದ್ರು. ಎಲ್ಲರೂ ನಕ್ಕುಬಿಟ್ರು."

"ನಗಲಿ ಬಿಡಿ ಅಣ್ಣಾ. ಕೂತ್ಕೊಳ್ಳಿ, ಇನ್ನೊಂದು ಗಂಟೇಲಿ ನಿಮ್ಮನ್ನ ಮದುಮಗ ಮಾಡಿ ಕಳಿಸ್ತೀನಿ."

ಆಗ ಅವನು ಒಳ್ಳೆಯವನೇ ಆಗಿದ್ದ. ಇದನ್ನು ಶಿಯೂಜು ಕೊನೆಯವರೆಗೂ ಅಲ್ಲಗಳೆಯಲಿಲ್ಲ. ಹೊಳೆ ಉಕ್ಕಿ ಗದ್ದೆಗಳು ಕೊಚ್ಚಿಹೋದ ವರ್ಷ ಅಕ್ಷರ ಬಾರದ ರೈತರಿಗೆ ಅರ್ಜಿ ಬರೆದುಕೊಟ್ಟವನು ಅವನೇ. ಜೇಬಿನಲ್ಲಿ ಸೂರ್ಯಕಾಂತಿ ಬೀಜ ತಂದು ಕಾಯುತ್ತಿದ್ದವರಿಗೆಲ್ಲ ಹಂಚುತ್ತಿದ್ದ. ಅವನ ತಾಯಿ ಸಂತೆಯ ದಿನ ಗೆಣಸಿನ ಬುಟ್ಟಿ ಹೊತ್ತು ಹಳ್ಳಿಯಿಂದ ಬಂದರೆ, ಮಗ ಕಚೇರಿಯಿಂದ ಹೊರಡುವವರೆಗೆ ಈ ಅಂಗಡಿಯ ಬೆಂಚಿನ ಮೇಲೆಯೇ ಕೂತಿರುತ್ತಿದ್ದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಶಿಯೂಜು ಮುದುಕಿಯ ತಲೆ ಬಾಚಿ ಗಂಟು ಹಾಕುತ್ತಿದ್ದಳು. "ನನಗೆ ಹೆಣ್ಣುಮಕ್ಕಳಿಲ್ಲ ಕಣವ್ವ. ಈ ಸುಖ ನನ್ನ ಮಗನಿಗೆಲ್ಲಿ ಗೊತ್ತಾಗಬೇಕು" ಎಂದು ಮುದುಕಿ ಕಣ್ಣು ಮುಚ್ಚುತ್ತಿದ್ದಳು.

ಆಮೇಲೆ ಕ್ವಾಂಗ್ ಮೇಲೇರತೊಡಗಿದ. ಸೈಕಲ್ಲಿನಲ್ಲಿ ಬರುತ್ತಿದ್ದವನು ಜೀಪಿನಲ್ಲಿ ಬಂದ, ಜೀಪು ಹೋಗಿ ಕಪ್ಪು ಕಾರಾಯಿತು. ಪೇಟೆಯ ಅಧ್ಯಕ್ಷನಾದ, ಜಿಲ್ಲೆಯ ಉಪಾಧ್ಯಕ್ಷನಾದ, ಕೊನೆಗೆ ಜಿಲ್ಲೆಯ ಪಕ್ಷದ ಕಾರ್ಯದರ್ಶಿಯೇ ಆದ. ಅಂದರೆ ಲೋಶಿಯಲ್ಲಿ ಅವನ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಅವನು ಬರುವ ದಿನ ಅಂಗಡಿಗೆ ಬೇರೆ ಗಿರಾಕಿಗಳನ್ನು ಬಿಡುತ್ತಿರಲಿಲ್ಲ. ಆದರೆ ಅಂಗಡಿ ಖಾಲಿಯೇನೂ ಇರುತ್ತಿರಲಿಲ್ಲ. ಸಹಿ ಬೇಕಾದವರು, ವರ್ಗಾವಣೆ ಬೇಕಾದವರು, ಬರೀ ಮುಖ ತೋರಿಸಬೇಕಾದವರು ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿರುತ್ತಿದ್ದರು. ಕನ್ನಡಿಯಲ್ಲಿ ಶಿಯೂಜುಗೆ ಆ ಮುಖಗಳೆಲ್ಲ ಕಾಣುತ್ತಿದ್ದವು. ಕ್ವಾಂಗ್ ನಕ್ಕರೆ ಅವೂ ನಗುತ್ತಿದ್ದವು. ಅವನು ಹುಬ್ಬು ಗಂಟಿಕ್ಕಿದರೆ ಅವಕ್ಕೂ ಹೊಟ್ಟೆನೋವು ಬಂದಂತಾಗುತ್ತಿತ್ತು.

ಒಮ್ಮೆ ಬಣ್ಣದ ಹನಿ ಕ್ವಾಂಗನ ಕಿವಿಯ ಮೇಲೆ ಜಾರಿತು. ಶಿಯೂಜು ಬಟ್ಟೆ ಎತ್ತಿಕೊಳ್ಳುವುದರೊಳಗೆ ಭೂ ಇಲಾಖೆಯ ಮುಖ್ಯಸ್ಥ, ಮೊಮ್ಮಕ್ಕಳಿರುವ ಆಸಾಮಿ, ಗೋಡೆಯಿಂದ ಹಾರಿ ಬಂದು ತನ್ನ ಬಿಳಿ ಕರವಸ್ತ್ರದಿಂದ ಆ ಕಿವಿಯನ್ನು ಒರೆಸಿದ. ಒಳಗೂ ಒರೆಸಿದ. ಮತ್ತೆ ಆ ಕರವಸ್ತ್ರವನ್ನು ಹಾಗೇ ಮಡಚಿ ಎದೆಯ ಜೇಬಿಗೆ ಇಳಿಸಿಕೊಂಡ.

"ಕಾರ್ಯದರ್ಶಿಗಳ ಕೂದಲು ನೋಡಿದ್ರೆ ಬಣ್ಣ ಹಚ್ಚಿದ್ದು ಅಂತ ಅನ್ಸೋದೇ ಇಲ್ಲ, ಹುಟ್ಟಿದಾಗಿಂದ ಹೀಗೇ ಇರಬೇಕು" ಎಂದ, ಬಣ್ಣದ ಬಟ್ಟಲು ಕಣ್ಣೆದುರಿಗೇ ಇರುವಾಗ.

ಶಿಯೂಜುವಿನ ಬಾಯಲ್ಲಿ ನೀರೂರಿತು, ವಾಂತಿಗೆ ಮೊದಲು ಊರುತ್ತದಲ್ಲ, ಅಂಥದ್ದು.

ಕ್ವಾಂಗನೂ ಬದಲಾಗಿದ್ದ. ಅವಳನ್ನು ಹೆಸರು ಹಿಡಿದು, 'ತಂಗಿ' ಎಂದು ಕರೆಯುವುದನ್ನೇ ಮರೆತಿದ್ದ. "ನೀರು ಬಿಸಿ", "ಬೇಗ", ಇಷ್ಟೇ ಮಾತು. ತಲೆ ತೊಳೆಯುವ ಬೇಸಿನ್ನಿಗೇ ಕಫ ಕ್ಯಾಕರಿಸಿ ಉಗುಳುತ್ತಿದ್ದ. ಅವಳೂ 'ಅಣ್ಣಾ' ಬಿಟ್ಟು 'ಕಾರ್ಯದರ್ಶಿಗಳೇ' ಎನ್ನಲು ಕಲಿತಿದ್ದಳು. ಅವನ ಸಹಾಯಕ ಫು ಎಂಬವನು ಚಹಾದ ಫ್ಲಾಸ್ಕು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ. ತೆಳುತುಟಿಯ ತರುಣ. ಸಾಹೇಬ ಕೈ ಚಾಚುವ ಮೊದಲೇ ಮುಚ್ಚಳ ತಿರುಗಿಸುವ ಚುರುಕು.

ಹಳೆಯ ಬೀದಿಯನ್ನು ಕ್ವಾಂಗ್ ಕೆಡವಿಸಿದಾಗ ಶಿಯೂಜುವಿನ ಅಂಗಡಿಯೂ ಹೋಯಿತು. ಉಳಿದವರು ಬೀದಿಪಾಲಾದರು, ಅವಳಿಗೆ ಮಾತ್ರ ಹೊಸ ಕಟ್ಟಡದ ನೆಲಮಹಡಿಯಲ್ಲಿ ಮೂಲೆಯಂಗಡಿ ಸಿಕ್ಕಿತು. ಅವಳು ಕೇಳಿರಲಿಲ್ಲ. ಬೇಡವೆನ್ನಲೂ ಇಲ್ಲ. ಅಂದಿನಿಂದ ಜನ ಅವಳ ಮನೆಗೂ ಬರತೊಡಗಿದರು. ಉಪ್ಪುಹಾಕಿ ಒಣಗಿಸಿದ ಹಂದಿತೊಡೆ, ಕಿತ್ತಳೆ ಬುಟ್ಟಿ, "ಅಕ್ಕಾ, ಬಣ್ಣ ಹಚ್ಚುವಾಗ ನಮ್ಮದೊಂದು ಮಾತು ಕಿವಿಗೆ ಹಾಕಿ." ಗಂಡ ಹೆಫಾ, ಮೂರು ಚಕ್ರದ ಗಾಡಿ ಓಡಿಸುತ್ತಿದ್ದವನು, ಹಂದಿತೊಡೆಯನ್ನು ತೂಗುಹಾಕುತ್ತಾ ಹಿಗ್ಗುತ್ತಿದ್ದ. "ನೋಡೇ, ನಿನ್ನ ಕೈಯಲ್ಲಿ ಜಿಲ್ಲೆಯ ಜುಟ್ಟೇ ಇದೆ!"

"ಜುಟ್ಟಲ್ಲ, ಹೊಟ್ಟು" ಎಂದಿದ್ದಳು ಶಿಯೂಜು. "ಬಾಚಿದಷ್ಟೂ ಉದುರುತ್ತೆ."

ಆ ವರ್ಷ ಪ್ರಾಂತ್ಯದಿಂದ ಹೊಸ ಆಜ್ಞೆ ಬಂತು. ಇನ್ನು ಮುಂದೆ ಯಾರನ್ನೂ ಹೂಳಬಾರದು, ಎಲ್ಲರನ್ನೂ ಸುಡಬೇಕು. ಆ ಕಡೆಯ ಬೆಟ್ಟದ ಹಳ್ಳಿಗಳಲ್ಲಿ ಅರವತ್ತು ದಾಟಿದವರು ತಮ್ಮ ಶವಪೆಟ್ಟಿಗೆಯನ್ನು ತಾವೇ ಮಾಡಿಸಿಟ್ಟುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಅರಗು ಬಳಿದು ನಡುಮನೆಯಲ್ಲಿ ಇಟ್ಟುಕೊಂಡರೆ ಆಯುಷ್ಯ ಗಟ್ಟಿ ಎಂಬ ನಂಬಿಕೆ. ಲಾವ್ಗೆನ್ ಊರಿಗೆಲ್ಲ ಪೆಟ್ಟಿಗೆ ಮಾಡಿಕೊಟ್ಟವನು. ತನ್ನದನ್ನು ತಾನೇ ಮಾಡಿಕೊಂಡಿದ್ದ, ಮಗಳು ಹುಟ್ಟಿದಾಗ ನೆಟ್ಟಿದ್ದ ದೇವದಾರು ಕಡಿದು, ಒಂದು ಮೊಳೆಯೂ ಇಲ್ಲದೆ. ಸಾಯುವವರೆಗೆ ಖಾಲಿ ಯಾಕಿರಬೇಕೆಂದು ಅದರಲ್ಲಿ ಕಡಲೆಕಾಯಿ ತುಂಬಿದ್ದ. "ಇಲಿ ಒಳಗೆ ಬರಲ್ಲ. ನಾನು ಹೊರಗೆ ಹೋಗಲ್ಲ. ಇಬ್ಬರಿಗೂ ನೆಮ್ಮದಿ" ಎನ್ನುತ್ತಿದ್ದ.

ಆಜ್ಞೆಗೆ ಪ್ರಾಂತ್ಯದವರು ಕೊಟ್ಟ ಗಡುವು ದೂರವಿತ್ತು. ಕ್ವಾಂಗನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಬಣ್ಣ ಮೆತ್ತಿದ ತಲೆಗೆ ಪ್ಲಾಸ್ಟಿಕ್ ಟೋಪಿ ಸಿಕ್ಕಿಸಿಕೊಂಡೇ ಫೋನಿನಲ್ಲಿ ಕಿರುಚುತ್ತಿದ್ದ.

"ಹೊಸ ವರ್ಷದೊಳಗೆ ನನ್ನ ಜಿಲ್ಲೇಲಿ ಒಂದು ಪೆಟ್ಟಿಗೆನೂ ಇರಬಾರದು! ಪಕ್ಕದ ಜಿಲ್ಲೆಯವನು ನನಗಿಂತ ಮೊದಲು ವರದಿ ಕಳಿಸಿದ್ರೆ ನಿನ್ನ ಕುರ್ಚಿ ಹೋಯ್ತು ಅಂತ ತಿಳ್ಕೋ. ಅಳ್ತಾರಾ? ಅಳಲಿ. ಮುದುಕ್ರು ಎಲ್ಲದಕ್ಕೂ ಅಳ್ತಾರೆ."

ಶಿಯೂಜುವಿನ ಬ್ರಷ್ಷು ನಿಂತಿತು. ಫೋನು ಕೆಳಗಿಟ್ಟ ಮೇಲೆ ಮೆಲ್ಲಗೆ ಬಾಯಿ ತೆರೆದಳು. ಅಷ್ಟು ವರ್ಷಗಳಲ್ಲಿ ಅವನನ್ನು ಅವಳು ಕೇಳಿದ್ದು ಅದೊಂದೇ.

"ಕಾರ್ಯದರ್ಶಿಗಳೇ, ನಮ್ಮಪ್ಪನದು ಒಂದಿದೆ. ತಾನೇ ಮಾಡ್ಕೊಂಡಿದ್ದು. ವಯಸ್ಸಾದ ಜೀವ, ಅದನ್ನ ತಗೊಂಡ್ರೆ..."

ಕ್ವಾಂಗ್ ಕನ್ನಡಿಯಲ್ಲೇ ಅವಳ ಕಣ್ಣು ನೋಡಿದ. "ಲಾವ್ಗೆನ್ ಮಾವ ಗಟ್ಟಿಮುಟ್ಟಾಗಿದ್ದಾರಾ?"

"ಇದ್ದಾರೆ."

"ನಿನ್ನ ಮಾತು ನನ್ನ ಮನಸ್ಸಲ್ಲಿರುತ್ತೆ ತಂಗಿ."

ತಂಗಿ! ಎಷ್ಟೋ ವರ್ಷಗಳ ಮೇಲೆ ಆ ಮಾತು ಕೇಳಿ ಅವಳ ಎದೆ ಹಗುರಾಯಿತು. ಅಂದೇ ಹಳ್ಳಿಗೆ ಫೋನು ಮಾಡಿದಳು. "ಅಪ್ಪಾ, ಹೆದರಬೇಡ. ನಾನು ಮಾತಾಡಿದ್ದೀನಿ."

ಪೆಟ್ಟಿಗೆ ಒಡೆಯುವವರು ಮೊದಲು ಬಂದದ್ದೇ ಲಾವ್ಗೆನ್‌ನ ಮನೆಗೆ.

ನೆರೆಯವರ ಫೋನು ಬಂದು ಶಿಯೂಜು ಹೆಫಾನ ಗಾಡಿಯಲ್ಲಿ ಬೆಟ್ಟ ಹತ್ತುವ ಹೊತ್ತಿಗೆ ಅಂಗಳದ ತುಂಬ ಸಮವಸ್ತ್ರದ ಜನ. ಮಣ್ಣು ಅಗೆಯುವ ಯಂತ್ರವೊಂದು ಕೋಳಿಗೂಡಿನ ಬೇಲಿ ಮುರಿದು ನಿಂತಿತ್ತು. ಧ್ವನಿವರ್ಧಕ ಹಿಡಿದವನು ಫು. ನಡುಮನೆಯಲ್ಲಿ ಲಾವ್ಗೆನ್ ಪೆಟ್ಟಿಗೆಯೊಳಗೆ, ಕಡಲೆಕಾಯಿಯ ಮೇಲೆ ಅಂಗಾತ ಮಲಗಿದ್ದ. ಎರಡೂ ಕೈಗಳಿಂದ ಅಂಚು ಹಿಡಿದಿದ್ದ.

"ತಾತಾ, ಏಳಿ. ಇದು ನೀತಿ" ಎನ್ನುತ್ತಿದ್ದ ಫು.

"ನೀತಿ ನಿಮ್ಮಪ್ಪನಿಗೆ ಕಲ್ಸು. ನಾನು ಸತ್ತಿದ್ದೀನಿ. ಸತ್ತವನನ್ನ ಎಬ್ಬಿಸೋ ನೀತಿ ಯಾವುದೋ?"

"ಫು, ಕಾರ್ಯದರ್ಶಿಗಳು ನನಗೆ ಮಾತು ಕೊಟ್ಟಿದ್ದಾರೆ! ಫೋನ್ ಮಾಡಿ ಕೇಳು!" ಶಿಯೂಜು ಜನರ ನಡುವೆ ನುಗ್ಗಿ ಕೂಗಿದಳು.

ಫು ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಶಿಯೂಜು ಅಕ್ಕಾ, ಅವರೇ ಹೇಳಿ ಕಳಿಸಿದ್ದು. ಮೊದಲು ನಿಮ್ಮ ಮನೆಯಿಂದ್ಲೇ ಶುರು ಮಾಡು, ನಮ್ಮವರದ್ದೇ ತಗೊಂಡ್ರೆ ಉಳಿದವರ ಬಾಯಿ ತಾನಾಗೇ ಮುಚ್ಚುತ್ತೆ ಅಂದ್ರು. ನಿಮ್ಮ ಮೇಲೆ ಅವರಿಗೆಷ್ಟು ನಂಬಿಕೆ ನೋಡಿ."

ನಾಲ್ವರು ಸೇರಿ ಮುದುಕನನ್ನು ಎಳೆದರು. ಕಾಲು ಹಿಡಿದವನ ಕೈಯಲ್ಲಿ ಒಂದು ಚಪ್ಪಲಿ ಉಳಿಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಪೆಟ್ಟಿಗೆಯನ್ನು ಅಂಗಳಕ್ಕೆ ಎತ್ತಿ ಎಸೆದಾಗ ಕಡಲೆಕಾಯಿ ಚೆಲ್ಲಾಪಿಲ್ಲಿಯಾಗಿ ಹರಡಿತು. ಸಮವಸ್ತ್ರದವರಲ್ಲಿ ಇಬ್ಬರು ಬಗ್ಗಿ ಆರಿಸಿಕೊಂಡು ಸುಲಿದು ಬಾಯಿಗೆ ಹಾಕಿಕೊಂಡರು. ಯಂತ್ರದ ಹಲ್ಲು ಮೊದಲ ಏಟಿಗೆ ಜಾರಿತು. ಎರಡನೆಯದಕ್ಕೂ ಕೀಲು ಬಿಡಲಿಲ್ಲ. ಆಮೇಲೆ ಚಾಲಕ ಯಂತ್ರವನ್ನು ಅದರ ಮೇಲೆಯೇ ಹತ್ತಿಸಿದ.

ಇಷ್ಟಕ್ಕೆ ಮುಗಿದಿದ್ದರೆ ಶಿಯೂಜು ಅದನ್ನು ಬರೀ ದಬ್ಬಾಳಿಕೆ ಎಂದುಕೊಂಡು ಸುಮ್ಮನಾಗುತ್ತಿದ್ದಳೇನೋ. ಆದರೆ ಫು ಚೀಲದಿಂದ ಕೆಂಪು ಕಾಗದದ ದೊಡ್ಡ ಹೂವೊಂದನ್ನು ತೆಗೆದ. ಮಣ್ಣು ಮೆತ್ತಿದ್ದ ಮುದುಕನ ಎದೆಗೆ ಅದನ್ನು ಪಿನ್ನು ಹಾಕಿ ಸಿಕ್ಕಿಸಿದ. ತಲೆಗೂದಲು ನೇವರಿಸಿ ಸರಿಮಾಡಿದ. ಇಬ್ಬರು ಎರಡೂ ಪಕ್ಕದಿಂದ ತೋಳು ಹಿಡಿದು ನಿಲ್ಲಿಸಿದರು. ಕ್ಯಾಮೆರಾದವನು "ಸ್ವಲ್ಪ ನಗಿ ತಾತ" ಎಂದ. ಲಾವ್ಗೆನ್ ಬಾಯಿ ತೆರೆದದ್ದು ಬೈಯಲು. ಸಂಜೆಯ ಟೀವಿಯಲ್ಲಿ ಅದೇ ನಗುವಾಗಿ ಕಂಡಿತು. "ಸ್ವಇಚ್ಛೆಯಿಂದ ಶವಪೆಟ್ಟಿಗೆ ಒಪ್ಪಿಸಿದ ಮೊದಲ ನಾಗರಿಕ."

ಮರುದಿನದಿಂದ ಇಡೀ ಶಾಂಗ್ಕೆಂಗ್‌ನಲ್ಲಿ ಯಂತ್ರ ಓಡಾಡಿತು. ಹಳ್ಳಿಯವರ ಸಿಟ್ಟು ಕ್ವಾಂಗನವರೆಗೆ ಹೇಗೆ ತಲುಪಬೇಕು? ಲಾವ್ಗೆನ್‌ನ ಬಾಗಿಲಿಗೆ ತಲುಪಿತು. ಜೊತೆಯಲ್ಲೇ ಹುಟ್ಟಿ ಬೆಳೆದ ಗೆಳೆಯನೊಬ್ಬ ಹೊಸಿಲಿಗೆ ಉಗಿದು ಹೋದ. "ಮಗಳ ಅಂಗಡಿ ಉಳೀಲಿ ಅಂತ ಊರಿನ ಪೆಟ್ಟಿಗೆಯೆಲ್ಲ ಮಾರ್ಕೊಂಡ್ಯಲ್ಲೋ ಹಲ್ಕಟ್ ಮುದುಕ. ಹೂವು ಬೇರೆ ಸಿಕ್ಕಿಸ್ಕೊಂಡಿದ್ದಾನೆ." ಲಾವ್ಗೆನ್ ಆಮೇಲೆ ಉಳಿ ಮುಟ್ಟಲಿಲ್ಲ. ಮಗಳ ಫೋನು ಎತ್ತುವುದನ್ನೂ ಬಿಟ್ಟ.

ಮುಂದಿನ ಸಲ ಕ್ವಾಂಗನ ಮನೆಗೇ ಬಂದು ಬಣ್ಣ ಹಚ್ಚಬೇಕೆಂದು ಕರೆ ಬಂದಾಗ ಶಿಯೂಜು ಕೈಗೆ ತುರಿಕೆ ಎಂದು ನೆಪ ಹೇಳಿದಳು.

"ಗ್ಲೌಸ್ ಹಾಕ್ಕೊಳ್ಳಿ ಅಕ್ಕಾ" ಎಂದ ಫು.

ಹೆಫಾ ಹೆಂಡತಿಯ ಮುಖ ನೋಡದೆ ಹೇಳಿದ, "ಹೋಗಿ ಬಾ. ಅಂಗಡಿ ಯಾರ ಕಟ್ಟಡದಲ್ಲಿದೆ ಅಂತ ನೆನಪಿರಲಿ."

ಹೋದಳು. ಗ್ಲೌಸಿನ ಮೇಲೆ ಇನ್ನೊಂದು ಗ್ಲೌಸು ಹಾಕಿಕೊಂಡರೂ ಆ ನೆತ್ತಿಯ ಬಿಸಿ, ಎಣ್ಣೆಜಿಡ್ಡು ಬೆರಳಿಗೆ ಅಂಟಿದಂತೆಯೇ ಇತ್ತು. ಕುತ್ತಿಗೆಯ ಮಡಿಕೆಯಲ್ಲಿ ನಿನ್ನೆಯ ಸಾರಾಯಿಯ ಬೆವರು ಹಳಸಿ ನಾರುತ್ತಿತ್ತು.

"ನಿಮ್ಮಪ್ಪ ಟೀವಿಲಿ ಚೆನ್ನಾಗಿ ಕಂಡ್ರು. ಪ್ರಾಂತ್ಯದವರೇ ಕೇಳಿದ್ರು, ಯಾರು ಆ ಮುದುಕ ಅಂತ. ಎಂಥ ಮರ್ಯಾದೆ!" ಎಂದ ಕ್ವಾಂಗ್.

ಶಿಯೂಜು ಬ್ರಷ್ಷನ್ನು ಚೆನ್ನಾಗಿ ಅದ್ದಿ ಗಾಯದ ಕಲೆಯ ಮೇಲೆ ದಪ್ಪಗೆ ಎಳೆದಳು. ಅವನು ಹಲ್ಲು ಕಚ್ಚಿ ಉಸಿರೆಳೆದುಕೊಂಡ. "ಕೈ ಜಾರಿತು" ಎಂದಳು. ಅವಳಿಂದಾದದ್ದು ಅಷ್ಟೇ. ಅದೂ ಆಮೇಲೆ ಅವಳಿಗೆ ಹೇಸಿಗೆಯೆನಿಸಿತು. ಸೊಳ್ಳೆ ಕಚ್ಚಿದಂಥ ಸೇಡು.

ಪೆಟ್ಟಿಗೆಗಳ ಸಾಧನೆ ಫಲ ಕೊಟ್ಟಿತು. ಕ್ವಾಂಗ್ ಜಿಲ್ಲೆಗಿಂತ ಮೇಲಿನ ಹಂತದ ನಗರಾಡಳಿತಕ್ಕೆ ಉಪಮೇಯರ್ ಆಗಿ ಹೋದ. ಫು ಕೂಡ ಹಿಂದೆಯೇ ಹೋದ. ಅಲ್ಲಿ ತಲೆಗೆ ಬೇರೆ ಕೈ ಸಿಕ್ಕಿತು. ಶಿಯೂಜು ಪೀಡೆ ಕಳೆಯಿತೆಂದುಕೊಂಡಿರುವಾಗ, ಚಳಿ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಫು ಕಾರಿನಲ್ಲಿ ಬಂದಿಳಿದ.

"ಸಾಹೇಬ್ರ ತಾಯಿ ಹೋಗಿಬಿಟ್ರು ಅಕ್ಕಾ. ಕೊನೇ ಸಲ ತಲೆ ಬಾಚಬೇಕು. ನಿಮ್ಮ ಕೈಯಲ್ಲೇ ಬಾಚಿಸ್ಬೇಕು ಅಂತ ಅಜ್ಜಿ ಹೇಳಿದ್ರಂತೆ."

ಬೇರೆ ಯಾರಿಗಾಗಿಯೂ ಅವಳು ಹೊರಡುತ್ತಿರಲಿಲ್ಲ. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದ ಮುದುಕಿಯ ನೆನಪಾಗಿ ಬಾಚಣಿಗೆ ಎತ್ತಿಕೊಂಡಳು.

ಕ್ವಾಂಗನ ಹಳ್ಳಿಯ ಮನೆಯ ಮುಂದೆ ಹೂಚಕ್ರಗಳು ಗೋಡೆಯಂತೆ ಎದ್ದು ನಿಂತಿದ್ದವು. ಚಪ್ಪರದಡಿಯಲ್ಲಿ, ಮೇಜಿನ ಮೇಲೆ, ಕೆಂಪು ಬಟ್ಟೆ ಹೊದಿಸಿದ ಬೂದಿಯ ಪುಟ್ಟ ಪೆಟ್ಟಿಗೆ. ಮುಂದೆ ಕ್ವಾಂಗ್ ಬಿಳಿ ಪಟ್ಟಿ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದ; ಜಿಲ್ಲೆಯ ಅಧಿಕಾರಿಗಳು ಸಾಲುಗಟ್ಟಿ ಬಂದು ಅಡ್ಡಬೀಳುತ್ತಿದ್ದರು. ಭೂ ಇಲಾಖೆಯ ಮುಖ್ಯಸ್ಥ "ಅಮ್ಮಾ, ನಮ್ಮನ್ನ ಬಿಟ್ಟು ಹೋದ್ಯಾ" ಎಂದು ಎದೆ ಬಡಿದುಕೊಳ್ಳುತ್ತಿದ್ದ. ಆ ಅಮ್ಮನನ್ನು ಅವನು ಜೀವಂತವಾಗಿ ನೋಡಿದ್ದನೋ ಇಲ್ಲವೋ. ಸುಟ್ಟೇ ಆಗಿದ್ದರೆ ತನ್ನನ್ನು ಯಾರ ತಲೆ ಬಾಚಲು ಕರೆತಂದರು ಎಂದು ಶಿಯೂಜುಗೆ ಗೊಂದಲವಾಯಿತು.

ಫು ಅವಳನ್ನು ಹಿತ್ತಲಿನ ಬಾಗಿಲಿಂದ ಒಳಗೆ ಕರೆದೊಯ್ದ. ಒಳಕೋಣೆಯಲ್ಲಿ ಮುದುಕಿ ಮಂಚದ ಮೇಲಿದ್ದಳು. ಇಡಿಯಾಗಿ, ಶಾಂತವಾಗಿ. ಪಕ್ಕದಲ್ಲಿ ಎರಡು ಕುರ್ಚಿಗಳ ಮೇಲೆ ಶವಪೆಟ್ಟಿಗೆ. ಶಿಯೂಜು ಬಡಗಿಯ ಮಗಳು. ಅಂಥ ಮರವನ್ನು ಅವಳು ಕಂಡಿರಲಿಲ್ಲ. ಹೊಂಬಣ್ಣದ ಎಳೆಗಳು ನೀರಲೆಯಂತೆ ಹೊಳೆಯುತ್ತಿದ್ದವು, ಗೇಣುದಪ್ಪದ ಹಲಗೆ, ಕೋಣೆಯ ತುಂಬ ಸುಗಂಧ.

"ಹಾಗಾದ್ರೆ ಹೊರಗಿನ ಪೆಟ್ಟಿಗೇಲಿ?" ಬಾಯಿ ತಡೆಯದೆ ಕೇಳಿದಳು.

ನೀರು ಕಾಸಿ ತಂದ ಅಡುಗೆಯ ಹೆಂಗಸು ಪಿಸುಗುಟ್ಟಿದಳು, "ನಮ್ಮ ಒಲೇದೇ. ಬೆಳಿಗ್ಗೆ ನಾನೇ ಬಳಿದು ಕೊಟ್ಟೆ."

ಚಕ್ಕೋತದ ಎಲೆ ಹಾಕಿ ಕುದಿಸಿದ ನೀರಿನಿಂದ ಶಿಯೂಜು ಮುದುಕಿಯ ತಲೆ ತೊಳೆದಳು. ಕೂದಲು ಅಚ್ಚ ಬಿಳಿ, ಹತ್ತಿಯಂತೆ ಮೆತ್ತಗೆ. ಬಾಚಿ, ಹಳೆಯ ರೀತಿಯಲ್ಲೇ ಗಂಟು ಹಾಕಿದಳು. ಮುಗಿಯುವ ಹೊತ್ತಿಗೆ ಕ್ವಾಂಗ್ ಒಳಗೆ ಬಂದ. ಕಣ್ಣು ಒದ್ದೆಯಾಗಿತ್ತು, ನಿಜವಾಗಿಯೇ.

"ಅಮ್ಮನಿಗೆ ಬೆಂಕಿ ಅಂದ್ರೆ ಭಯ" ಎಂದ. "ಹೂಳು ಮಗನೇ, ಸುಡಬೇಡ ಅಂತ ಕೈ ಹಿಡ್ಕೊಂಡು ಕೇಳಿದ್ಲು. ಇಲ್ಲ ಅನ್ನೋಕಾಗುತ್ತಾ? ನೀನು ಇಲ್ಲಿ ನೋಡಿದ್ದನ್ನ ನೋಡಿಲ್ಲ. ನಿನಗೂ ಅಪ್ಪ ಇದ್ದಾರೆ ತಂಗಿ, ಮಕ್ಕಳ ಸಂಕಟ ನಿನಗೆ ಅರ್ಥವಾಗುತ್ತೆ."

ಅವನು ಕುಹಕವಾಡುತ್ತಿರಲಿಲ್ಲ. ಅವಳ ಅಪ್ಪನನ್ನು ಎಳೆದು ಹಾಕಿದ್ದು ಅವನಿಗೆ ಮರೆತೇಹೋಗಿತ್ತು. ಅವನ ತಾಯಿ ಮಾತ್ರ ತಾಯಿ. ಉಳಿದ ಮುದುಕರೆಲ್ಲ ವರದಿಯ ಅಂಕಿಗಳು.

"ಅರ್ಥವಾಯ್ತು" ಎಂದಳು ಶಿಯೂಜು. ತಂದಿದ್ದ ಬಾಚಣಿಗೆಯನ್ನು ಮುದುಕಿಯ ಕೈಯಲ್ಲೇ ಇಟ್ಟು, ಕಾರು ಬೇಡವೆಂದು ಹೇಳಿ, ನಡೆದು ಹೊರಟಳು. ಊರ ಹೊರಗಿನ ಸೇತುವೆಯ ಬಳಿ ಕೂತು ಬೆಳಿಗ್ಗೆ ತಿಂದ ಅಕ್ಕಿ ಶಾವಿಗೆಯನ್ನೆಲ್ಲ ಕಕ್ಕಿದಳು.

ಮನೆಗೆ ಹೋಗಲಿಲ್ಲ, ಶಾಂಗ್ಕೆಂಗ್‌ಗೆ ಹೋದಳು. ಲಾವ್ಗೆನ್ ಒಲೆಯ ಮುಂದೆ ಕೂತಿದ್ದ. ಮಗಳು ಹೇಳಿದ್ದನ್ನು ತಲೆಯೆತ್ತದೆ ಕೇಳಿದ.

"ಯಾವ ಮರ?"

"ಗೊತ್ತಿಲ್ಲಪ್ಪ. ಹೊಂಬಣ್ಣ, ಒಳಗೆ ಅಲೆ ಅಲೆ. ಘಮ್ ಅಂತಿತ್ತು."

"ನಾನ್‌ಮು. ಹಿಂದೆ ಅರಮನೆ ಕಂಬಕ್ಕೆ ಹಾಕ್ತಿದ್ರು. ನಾನೇ ಜೀವಮಾನದಲ್ಲಿ ಒಂದೇ ಒಂದು ತುಂಡು ಮುಟ್ಟಿದ್ದೀನಿ. ಮೂಲೆ ಹೇಗೆ ಕೂಡ್ಸಿದ್ರು?"

"ಮೊಳೆ ಕಂಡಂಗಾಯ್ತು."

"ಮೊಳೆ!" ಮುದುಕ ನೆಟ್ಟಗೆ ಕೂತ. "ನಾನ್‌ಮುಗೆ ಮೊಳೆ ಹೊಡೆದ್ರಾ? ಥೂ, ಇವರ ಜನ್ಮಕ್ಕಿಷ್ಟು!" ಎಂದವನೇ ನಗತೊಡಗಿದ, ಕೆಮ್ಮು ಬರುವವರೆಗೂ. ಪೆಟ್ಟಿಗೆ ಒಡೆದ ದಿನದಿಂದೀಚೆಗೆ ಅವನು ನಕ್ಕದ್ದು ಅದೇ ಮೊದಲು. ಮರುದಿನ ಊರಕಟ್ಟೆಗೆ ಹೋಗಿ, ಹೊಸಿಲಿಗೆ ಉಗಿದಿದ್ದ ಗೆಳೆಯನ ಎದುರೇ ಕೂತು ಎಲ್ಲವನ್ನೂ ಗಟ್ಟಿಯಾಗಿ ಹೇಳಿದ. ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹೋಯಿತು. ಎಲ್ಲರಿಗೂ ಗೊತ್ತಾಯಿತು, ಯಾರೂ ಏನೂ ಮಾಡಲಿಲ್ಲ. ಗೆಳೆಯ ಮಾತ್ರ ಒಂದು ಜಾಡಿ ಅಕ್ಕಿಸಾರಾಯಿ ತಂದು ಹೊಸಿಲಲ್ಲಿಟ್ಟು ಹೋದ.

ಕ್ವಾಂಗ್ ಬಿದ್ದದ್ದು ಅದಕ್ಕಲ್ಲ. ಅವನನ್ನು ಮೇಲಕ್ಕೆತ್ತಿದ್ದ ಪ್ರಾಂತ್ಯದ ದೊಡ್ಡವನೊಬ್ಬ ಮೊದಲು ಬಿದ್ದ. ಜೊತೆಗೆ ಬೀದಿ ಕೆಡವಿ ಕಟ್ಟಡ ಕಟ್ಟಿದ್ದ ಗುತ್ತಿಗೆದಾರ ಬಾಯಿಬಿಟ್ಟ. ಪ್ರಾಮಾಣಿಕ ಆಡಳಿತದ ಬಗ್ಗೆ ಭಾಷಣ ಮಾಡುತ್ತಿದ್ದ ಕ್ವಾಂಗನನ್ನು ವೇದಿಕೆಯ ಮೇಲಿಂದಲೇ ಇಬ್ಬರು ಕರೆದೊಯ್ದರಂತೆ. ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಉಳಿದವಂತೆ.

ತನಿಖೆಯವರು ಶಿಯೂಜುವಿನ ಅಂಗಡಿಗೂ ಬಂದರು. ಯಾರು ಯಾರು ಬಂದು ನಿಲ್ಲುತ್ತಿದ್ದರು, ಏನು ಕೊಡುತ್ತಿದ್ದರು ಎಂದು ಕೇಳಿದರು. ಅವಳು ಅಪ್ಪನ ಪೆಟ್ಟಿಗೆಯ ವಿಷಯ ಎತ್ತಿದಳು. ಎಳೆದದ್ದು, ಹೂವು ಸಿಕ್ಕಿಸಿದ್ದು.

ಕಿರಿಯ ಅಧಿಕಾರಿ ಪೆನ್ನು ಕೆಳಗಿಟ್ಟ. "ಅದು ಬಿಡಿ. ಆ ಅಭಿಯಾನ ಸರಿಯಾದದ್ದೇ. ಸ್ವಲ್ಪ ಅವಸರ ಆಯ್ತು, ಅಷ್ಟೇ. ಗುತ್ತಿಗೆದಾರನ ವಿಷಯ ಹೇಳಿ."

"ಅದನ್ನ ಬಿಟ್ರೆ ನನಗೇನೂ ಗೊತ್ತಿಲ್ಲ" ಎಂದು ಶಿಯೂಜು ಎದ್ದು ನೆಲ ಗುಡಿಸತೊಡಗಿದಳು. ಅವರ ಬೂಟುಗಳ ಮೇಲೆಯೇ ಗುಡಿಸಿದಳು.

ಕೆಲವು ತಿಂಗಳ ಮೇಲೆ ಟೀವಿಯಲ್ಲಿ ಕ್ವಾಂಗನ ತಪ್ಪೊಪ್ಪಿಗೆ ಬಂತು. ಅಂಗಡಿ ಕಿಕ್ಕಿರಿದಿತ್ತು. ಬಣ್ಣ ಕಾಣದ ಕೂದಲು ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಮಾಸಲು ಕಂದಾಗಿ, ಮಳೆಗೆ ಸಿಕ್ಕ ಕೋಳಿಯಂತಿದ್ದ. "ನಾನು ಬಡ ರೈತನ ಮಗ. ತಾಯಿ ತಾನು ಉಪವಾಸವಿದ್ದು ನನಗೆ ಗೆಣಸು ತಿನ್ನಿಸಿದಳು. ಅಂಥ ತಾಯಿಗೂ ಪಕ್ಷಕ್ಕೂ ನಾನು ದ್ರೋಹ..." ಎಂದು ಬಿಕ್ಕಿದ. ಮೂಗಿನಿಂದ ಸುರಿದದ್ದನ್ನು ಒರೆಸಿಕೊಳ್ಳಲಿಲ್ಲ, ಕ್ಯಾಮೆರಾಗೆ ಕಾಣಲೆಂದು ಹಾಗೇ ಬಿಟ್ಟಿದ್ದ.

"ನನಗೆ ಮೊದಲಿಂದ್ಲೂ ಅನುಮಾನ ಇತ್ತು" ಎಂದ ಗೋಡೆಗೆ ಒರಗಿ ನಿಂತಿದ್ದವನೊಬ್ಬ. ಅದೇ ಗೋಡೆಗೆ ಹಿಂದೆಯೂ ಒರಗಿ ನಿಲ್ಲುತ್ತಿದ್ದವನು. "ಹಂದಿ! ಮುಖ ನೋಡಿದ್ರೇ ಗೊತ್ತಾಗ್ತಿತ್ತು" ಎಂದು ಇನ್ನೊಬ್ಬ ಬೀಜದ ಸಿಪ್ಪೆ ಉಗಿದ.

ಶಿಯೂಜು ಟೀವಿ ಆರಿಸಿದಳು. "ಕ್ಷೌರಕ್ಕೆ ಬಂದೋರು ಕೂತ್ಕೊಳ್ಳಿ. ಉಳಿದೋರು ಜಾಗ ಖಾಲಿ ಮಾಡಿ."

ಫು ಜೈಲಿಗೆ ಹೋಗಲಿಲ್ಲ. ಸಾಹೇಬನ ವಿರುದ್ಧ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಹೇಳಿಕೆ ಕೊಟ್ಟವನು ಅವನೇ. ಲೋಶಿಗೆ ಮರಳಿ ಅಂತ್ಯಸಂಸ್ಕಾರವೂ ಸೇರಿದಂತೆ ನಾಗರಿಕ ವ್ಯವಹಾರಗಳ ಕಚೇರಿಯ ಮುಖ್ಯಸ್ಥನಾಗಿ ಕೂತ. ಹೊಸ ಕಾರ್ಯದರ್ಶಿಯ ಮನಸ್ಸು ಗೆಲ್ಲಲು ಅವನು ಮಾಡಿದ ಮೊದಲ ಕೆಲಸ, ಕ್ವಾಂಗನ ತಾಯಿಯ ಗೋರಿ ಅಗೆಸಿದ್ದು. ಎಲ್ಲಿ ಹೂತಿದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಧ್ವನಿವರ್ಧಕ, ಯಂತ್ರ, ಕ್ಯಾಮೆರಾ, ಎಲ್ಲ ಅವೇ. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋದರು. ಶಿಯೂಜು ಹೋಗಲಿಲ್ಲ. ಹೆಫಾ ಹೋಗಿ ಬಂದು ಊಟ ಮಾಡದೆ ಮಲಗಿದ. "ತಲೆಗಂಟು ಬಿಚ್ಚಿರಲಿಲ್ಲ ಕಣೇ. ಕೈಯಲ್ಲಿ ನಿನ್ನ ಬಾಚಣಿಗೆ ಇತ್ತು. ಒಬ್ಬ ಅದನ್ನೂ ಫೋಟೋ ಹಿಡಿದ" ಎಂದ. ಅವತ್ತು ಅವನು ಅಟ್ಟದಲ್ಲಿ ತೂಗುತ್ತಿದ್ದ ಕೊನೆಯ ಹಂದಿತೊಡೆಯನ್ನು ಇಳಿಸಿ ಹೊಳೆಗೆ ಎಸೆದು ಬಂದ.

ಸುಡಲು ಮುದುಕಿಯನ್ನು ಒಯ್ದ ಮೇಲೆ ನಾನ್‌ಮು ಹಲಗೆಗಳಿಗೆ ಜನ ಮುಗಿಬಿದ್ದರಂತೆ. ಆ ಕಿತ್ತಾಟದಲ್ಲಿ ಒಂದು ಹಲಗೆ ಗೆದ್ದವನೊಬ್ಬ ಅದನ್ನು ಹೊತ್ತು ಲಾವ್ಗೆನ್‌ನ ಅಂಗಳಕ್ಕೆ ಬಂದ. "ನ್ಯಾಯವಾಗಿ ನಿನಗೇ ಸಲ್ಲಬೇಕು ಲಾವ್ಗೆನ್ ಮಾವ. ಇಟ್ಕೋ, ಹೇಗೂ ನಿನ್ನದು ಒಡೆದುಹಾಕಿದ್ರಲ್ಲ."

"ಹೆಣದ ಕೆಳಗಿಂದ ಎಳ್ಕೊಂಡು ಬಂದ್ಯಾ?" ಮುದುಕ ಹಲಗೆಯನ್ನು ಮುಟ್ಟಲಿಲ್ಲ. "ಆ ಮುದುಕಿ ನಿನಗೇನು ಮಾಡಿದ್ಲೋ? ನಡಿ ಆಚೆ. ಅವರು ನನ್ನನ್ನ ಎಳೆದಾಗ ನೀವು ಬೇಲಿಯಾಚೆ ನಿಂತು ನೋಡಿದ್ರಿ. ಇವತ್ತೂ ಅದೇ ಮಾಡಿದ್ದೀರಿ."

ಅವನು ಹೋದ ಮೇಲೆ ಲಾವ್ಗೆನ್ ಹೆಂಡತಿಯ ಮದುವೆಯ ಕರ್ಪೂರದ ಮರದ ಬೀರುವನ್ನು ಬಿಚ್ಚಿದ. ಉಳಿಗಳನ್ನು ಸಾಣೆ ಹಿಡಿದ. ಒಂದು ಸಣ್ಣ ಪೆಟ್ಟಿಗೆ ಮಾಡಿದ, ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟು. "ಸುಡೋದೇ ಆದ್ರೆ ಸುಡ್ಲಿ. ಸುಟ್ಟ ಮೇಲಾದ್ರೂ ನನ್ನ ಮನೇಲಿ ನಾನಿರ್ತೀನಿ" ಎಂದು ಮಗಳಿಗೆ ತೋರಿಸಿದ.

ಎರಡು ಚಳಿಗಾಲ ಕಳೆದು ಅವನು ತೀರಿಕೊಂಡ. ಶಿಯೂಜು ಅಪ್ಪನ ತಲೆ ತೊಳೆದು, ಗಡ್ಡ ಬೋಳಿಸಿ, ಕಾನೂನಿನಂತೆ ಸುಡುವ ಮನೆಗೆ ಒಯ್ದಳು. ಸುಟ್ಟಾದ ಮೇಲೆ ಬೂದಿಯ ತಟ್ಟೆ ತಂದಿಟ್ಟ ಕಿಟಕಿಯ ಹಿಂದಿನ ಹುಡುಗಿ ಕರ್ಪೂರದ ಪೆಟ್ಟಿಗೆ ನೋಡಿ ತಲೆಯಾಡಿಸಿದಳು.

"ಹೊರಗಿನ ಪೆಟ್ಟಿಗೆ ನಡೆಯಲ್ಲ ಅಕ್ಕ. ಇಲ್ಲಿದ್ದೇ ತಗೋಬೇಕು. ಹೊಸ ನಿಯಮ." ಕಪಾಟಿನಲ್ಲಿ ಹಸಿರು ಕಲ್ಲಿನವು, ಕೆತ್ತನೆಯವು ಸಾಲಾಗಿದ್ದವು. ಅವನ್ನು ಮಾರುವವನು ಫುವಿನ ಭಾಮೈದ ಎಂಬುದು ಊರಿಗೆಲ್ಲ ಗೊತ್ತಿತ್ತು. ಶಿಯೂಜು ನೋಡುತ್ತಿರುವಂತೆಯೇ ಫು ಒಳಬಾಗಿಲಿಂದ ಬಂದ. ದಪ್ಪಗಾಗಿದ್ದ. ಹೊಸದಾಗಿ ಹಚ್ಚಿಸಿದ ಬಣ್ಣ ಕಿವಿಯ ಪಕ್ಕ ಚರ್ಮಕ್ಕೂ ಮೆತ್ತಿತ್ತು.

"ಶಿಯೂಜು ಅಕ್ಕಾ! ತಾತ ಹೋದ್ರಾ? ಛೆ. ಒಳ್ಳೇದೊಂದು ಆರಿಸ್ಕೊಳ್ಳಿ, ನಿಮಗೆ ಅಂತ ನಾನು ಹೇಳ್ತೀನಿ. ಅವರು ನಮ್ಮ ಜಿಲ್ಲೆಯ ಮೊದಲ..."

"ಬಾಯಿ ಮುಚ್ಚೋ" ಎಂದಳು ಶಿಯೂಜು.

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿದರು.

"ಮೊದಲ ಸ್ವಇಚ್ಛೆಯವನಾ? ಅವನ ಬೆರಳು ಒಂದೊಂದೇ ಬಿಡಿಸಿದ್ದು ಯಾರು ಕಣೋ? ಹೂವು ಚುಚ್ಚಿದ್ದು ಯಾರು? ಒಲೆ ಬೂದಿಗೆ ಕೆಂಪು ಬಟ್ಟೆ ಹೊದಿಸಿ ಊರೆಲ್ಲ ಅಡ್ಡಬೀಳಿಸಿದ್ದು ಯಾರು? ಆಮೇಲೆ ಅದೇ ಮುದುಕೀನ ಅಗೆದಿದ್ದು ಯಾರು? ಆ ಕ್ವಾಂಗನ ತಲೆಗೆ ನಾನು ಬಣ್ಣ ಹಚ್ಚಿದೆ, ಹೌದು. ನಿನ್ನ ಮೈಗೆ ಯಾವ ಬಣ್ಣ ಹಚ್ಚಿದ್ರೂ ಈ ನಾತ ಹೋಗಲ್ಲ."

ಫು ನಗಲು ನೋಡಿದ. ಯಾರೂ ಅವನೊಂದಿಗೆ ನಗಲಿಲ್ಲ. ಕಿಟಕಿಯ ಹುಡುಗಿ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದಳು. ಶಿಯೂಜು ಬೂದಿಯ ತಟ್ಟೆಯನ್ನು ತಾನೇ ಎಳೆದುಕೊಂಡು, ನೆಲದ ಮೇಲೆ ಕೂತು, ಅಪ್ಪನನ್ನು ಹಿಡಿಹಿಡಿಯಾಗಿ ಅವನ ಪೆಟ್ಟಿಗೆಗೆ ತುಂಬಿದಳು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಬಂದು ಮುಚ್ಚಳ ಹಿಡಿದು ನಿಂತಳು. ಮುಚ್ಚಳ ಕೂದಲೆಳೆ ನುಸುಳದಂತೆ ಕೂತಿತು. ಹೊರಗೆ ಹೆಫಾ ಗಾಡಿ ಚಾಲೂ ಮಾಡಿದ. ತೊಡೆಯ ಮೇಲಿನ ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು. ಶಾಂಗ್ಕೆಂಗ್‌ನ ಏರು ಬರುವವರೆಗೂ ಅವಳು ಅದರ ಮೇಲಿನ ಕೈ ತೆಗೆಯಲಿಲ್ಲ.